ಕೈಕೊಡದ ಗಾಡಿಯೋ, ಖುಷಿ ಕೊಡೋ ಗಾಡಿಯೋ?

ಖಾಲಿ ಹುದ್ದೆ, ತಡವಾಗಿ ಬಂದ ಪಠ್ಯಪುಸ್ತಕ, ವರ್ಗಾವಣೆ... ಇದನ್ನೇ ಬರೆದು ಬರೆದು ನಮಗೂ ಸಾಕಾಗಿದೆ, ಓದಿ ಓದಿ ನಿಮಗೂ ಸಾಕಾಗಿರಬೇಕು. ಈ ಸಲ ಗಾಡಿಯ ಬಗ್ಗೆ ಬರೆಯೋಣ. ನಗಬೇಡಿ. ಗಡಿಯಾಚೆಯ ಕನ್ನಡ ಶಾಲೆ ಮೇಷ್ಟ್ರು ಬೆಳಗ್ಗೆ ಎದ್ದು ದೇವರ ಪಟ ನೋಡುವುದು ಮರೆತರೂ ಗಾಡಿಯ ಟೈರು ನೋಡುವುದು ಮರೆಯುವುದಿಲ್ಲ.

ನಮ್ಮ ಮೇಷ್ಟ್ರುಗಳಲ್ಲಿ ಗಾಡಿಯ ವಿಷಯಕ್ಕೆ ಎರಡು ಪಕ್ಷ ಇವೆ. ವಯಸ್ಸಾದವರದ್ದು ಒಂದೇ ಮಾತು: ಗಾಡಿ ಅಂದರೆ ಕೈಕೊಡಬಾರದು, ಉಳಿದದ್ದೆಲ್ಲ ಶೋಕಿ. ಹೊಸದಾಗಿ ಕೆಲಸಕ್ಕೆ ಸೇರಿದವರದ್ದು ಇನ್ನೊಂದು: ಮೂವತ್ತು ವರ್ಷ ಸಾಲ ತೀರಿಸುತ್ತಾ ಕೂರುವವರು ನಾವು, ದಿನಕ್ಕೆ ಒಂದು ಗಂಟೆಯಾದರೂ ಸ್ಟೀರಿಂಗ್ ಹಿಂದೆ ಕೂತು ಖುಷಿಪಡಬಾರದೇ? ಎರಡು ಮಾತಿನಲ್ಲೂ ಹುರುಳಿದೆ. ಆದರೆ ಎರಡೂ ಪಕ್ಷದವರು ಒಂದು ವಿಷಯ ಪಕ್ಕಕ್ಕಿಟ್ಟು ವಾದ ಮಾಡುತ್ತಾರೆ ಅಂತ ನಮಗೆ ಅನ್ನಿಸುತ್ತದೆ. ಅದು ನಮ್ಮ ಶಾಲೆ.

ಯೋಚನೆ ಮಾಡಿ. ಊರಿನ ತಮಿಳು ಶಾಲೆಯಲ್ಲಿ ಒಬ್ಬ ಮೇಷ್ಟ್ರು ಬರದಿದ್ದರೆ ಪಕ್ಕದ ತರಗತಿಯವರು ನೋಡಿಕೊಳ್ಳುತ್ತಾರೆ, ಅಥವಾ ಹತ್ತಿರದ ಶಾಲೆಯಿಂದ ಒಬ್ಬರನ್ನು ಕಳಿಸುತ್ತಾರೆ. ಇಬ್ಬರೇ ಇರುವ ಕನ್ನಡ ಶಾಲೆಯಲ್ಲಿ ಒಬ್ಬರ ಗಾಡಿ ಕೆಟ್ಟು ನಿಂತರೆ ಅರ್ಧ ಶಾಲೆ ನಿಂತ ಹಾಗೆ. ಬದಲಿಗೆ ಕಳಿಸೋಣ ಎಂದು ಅಧಿಕಾರಿಗಳಿಗೆ ಮನಸ್ಸಿದ್ದರೂ ಕನ್ನಡ ಅಕ್ಷರ ಬಲ್ಲವರು ಸುತ್ತಮುತ್ತ ಎಲ್ಲಿದ್ದಾರೆ? ಒಂದನೇ ತರಗತಿ ಮಗು ಅಂದು ಒತ್ತಕ್ಷರ ಕಲಿಯಬೇಕಿತ್ತು, ಕಲಿಯಲಿಲ್ಲ. ತಾಯಿ ಸಾಯಂಕಾಲ ಕೇಳುತ್ತಾಳೆ, ‘ಇವತ್ತೂ ಮೇಷ್ಟ್ರು ಬರಲಿಲ್ವಾ?’ ಹೀಗೆ ನಾಲ್ಕು ಸಲ ಕೇಳಿದ ಮೇಲೆ ಮುಂದಿನ ಜೂನ್‌ನಲ್ಲಿ ಆ ಮಗುವಿನ ತಮ್ಮ ಇಂಗ್ಲಿಷ್ ಮೀಡಿಯಂ ವ್ಯಾನ್ ಹತ್ತುತ್ತಾನೆ. ಕನ್ನಡ ಶಾಲೆಗಳು ಮುಚ್ಚುವುದಕ್ಕೆ ದೊಡ್ಡ ದೊಡ್ಡ ಕಾರಣ ಹೇಳುತ್ತೇವೆ. ಮೇಷ್ಟ್ರ ಗಾಡಿಯ ಬ್ಯಾಟರಿಯನ್ನು ಯಾರೂ ಆ ಪಟ್ಟಿಗೆ ಸೇರಿಸುವುದಿಲ್ಲ.

ನಮ್ಮ ಓಡಾಟದ ರೀತಿಯನ್ನೂ ಹೇಳಬೇಕು, ಇಲ್ಲದಿದ್ದರೆ ದೂರದ ಓದುಗರಿಗೆ ಅರ್ಥವಾಗಲಿಕ್ಕಿಲ್ಲ. ನಮ್ಮಲ್ಲಿ ಹಲವರ ಶಾಲೆ ಬೆಟ್ಟದ ಮೇಲೆ ತಾಳವಾಡಿ ಕಡೆ. ಮನೆ, ಮಕ್ಕಳ ಓದು, ಅಪ್ಪ ಅಮ್ಮನ ಆಸ್ಪತ್ರೆ ಎಲ್ಲ ಕೆಳಗೆ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ. ಈ ಎರಡು ಜಿಲ್ಲೆಗಳಲ್ಲಿ ಮನೆಯೊಳಗೆ ಕನ್ನಡ ಆಡುವ ದೇವಾಂಗದವರು, ಒಕ್ಕಲಿಗರು ಎಷ್ಟು ಜನ ಇದ್ದಾರೆ ಅನ್ನುವುದು ಬೆಂಗಳೂರಿನವರಿಗೆ ಇವತ್ತಿಗೂ ಆಶ್ಚರ್ಯವೇ. ವಾರದ ಐದು ದಿನ ಬಾಡಿಗೆ ಮನೆಯಿಂದ ಶಾಲೆಗೆ ನಾಲ್ಕೈದು ಕಿಲೋಮೀಟರ್ ಓಡಾಟ. ಶುಕ್ರವಾರ ಸಂಜೆ ದಿಂಬಂ ಇಳಿದು ಬಣ್ಣಾರಿ, ಸತ್ಯಮಂಗಲ, ಪುಳಿಯಂಪಟ್ಟಿ ದಾಟಿ ಅನ್ನೂರು ಕಡೆಗೋ ಅವಿನಾಶಿ ಕಡೆಗೋ. ಸೋಮವಾರ ಬೆಳಗಿನ ಜಾವ ಅದೇ ಇಪ್ಪತ್ತೇಳು ತಿರುವು ಹತ್ತಿ ಬೆಲ್ಲು ಹೊಡೆಯುವ ಮುಂಚೆ ಶಾಲೆ ಮುಟ್ಟಬೇಕು. 2022ರ ಫೆಬ್ರವರಿಯಲ್ಲಿ ಆ ಘಾಟಿಗೆ ರಾತ್ರಿ ಸಂಚಾರದ ನಿರ್ಬಂಧ ಬಂತು. ಕಾಡುಪ್ರಾಣಿಗಳ ದೃಷ್ಟಿಯಿಂದ ಅದು ಸರಿಯೇ, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಅಂದಿನಿಂದ ಎಲ್ಲರೂ ಗಂಟೆ ನೋಡಿಕೊಂಡು ಹೊರಡುವ ಹಾಗಾಗಿದೆ. ದಾರಿಯಲ್ಲಿ ಗಾಡಿ ಎರಡು ತಾಸು ಕೂತರೆ ಕಳೆಯುವುದು ಎರಡೇ ತಾಸಲ್ಲ, ಒಂದು ಶಾಲಾ ದಿನ.

ಆದ್ದರಿಂದ ನಂಬಿಕೆಗೇ ಮೊದಲ ಮಣೆ ಅನ್ನುವುದರಲ್ಲಿ ನಮಗೆ ಅನುಮಾನ ಇಲ್ಲ. ಆದರೆ ಅಲ್ಲಿಗೆ ಮಾತು ಮುಗಿಯುವುದಿಲ್ಲ.

ಈ ಪ್ರಶ್ನೆ ಕಾರಿನ ಜೊತೆ ಹುಟ್ಟಿದ್ದಲ್ಲ. ತಿರುಪ್ಪೂರು ಜಿಲ್ಲೆಯ ಕಾಂಗೇಯಂ ಹೆಸರು ಕೇಳದ ರೈತರಿಲ್ಲ. (ಆ ಜಿಲ್ಲೆ ಆದದ್ದೇ 2009ರಲ್ಲಿ, ಅದಕ್ಕೂ ಮುಂಚೆ ಕಾಂಗೇಯಂ ಈರೋಡ್ ಜಿಲ್ಲೆಯಲ್ಲಿತ್ತು. ಎತ್ತಿಗೆ ಇದೆಲ್ಲ ಗೊತ್ತಿಲ್ಲ ಬಿಡಿ.) ಹುಟ್ಟುವಾಗ ಕೆಂಪಗಿದ್ದು ಆರು ತಿಂಗಳಿಗೆ ಬೂದು ಬಣ್ಣಕ್ಕೆ ತಿರುಗುವ ಈ ತಳಿ ಎಳೆಯುವುದಕ್ಕೆ ಹೆಸರಾದದ್ದು. ಬಾವಿಯಿಂದ ಕಪಿಲೆ ಎಳೆಯಲಿ, ಹೊರೆ ಗಾಡಿ ಎಳೆಯಲಿ, ಒಣ ಮೇವಿನಲ್ಲೇ ದುಡಿಯುತ್ತದೆ. ನಮ್ಮ ಕಡೆಯ ಹಳ್ಳಿಕಾರ್‌ಗೆ ಓಟ ಮೈಯಲ್ಲೇ ಬಂದದ್ದು. ವೆಳ್ಳಕೋವಿಲ್ ಹತ್ತಿರದ ಕಣ್ಣಪುರಂ ದನದ ಜಾತ್ರೆಗೆ ಹೋದವರಿಗೆ ಗೊತ್ತು, ರೈತ ಎತ್ತನ್ನು ಕೊಳ್ಳುವ ಮುಂಚೆ ಎಷ್ಟು ನೋಡುತ್ತಾನೆ ಎಂದು. ಹಲ್ಲು ನೋಡುತ್ತಾನೆ, ಗೊರಸು ನೋಡುತ್ತಾನೆ, ಸುಳಿ ನೋಡುತ್ತಾನೆ, ನಡೆಸಿ ನೋಡುತ್ತಾನೆ. ಅವನ ಮನಸ್ಸಿನಲ್ಲಿರುವುದು ಒಂದೇ ಪ್ರಶ್ನೆ, ಮಳೆ ಬಿದ್ದ ಮಾರನೇ ದಿನ ಇದು ನೊಗಕ್ಕೆ ಬರುತ್ತದೋ ಇಲ್ಲವೋ.

ಆದರೂ ಅದೇ ಕೊಂಗು ನಾಡಿನ ರೈತನಿಗೆ ರೇಕ್ಲಾ ಬೇಕು. ಪೊಳ್ಳಾಚಿ, ಉಡುಮಲಪೇಟೆ ಸುತ್ತ ಸಣ್ಣ ಗಾಡಿಗೆ ಜೋಡಿ ಎತ್ತು ಕಟ್ಟಿ ಧೂಳೆಬ್ಬಿಸಿ ಓಡಿಸುವ ಪಂದ್ಯ. 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟಿನ ಜೊತೆ ಎತ್ತಿನ ಓಟಕ್ಕೂ ತಡೆ ಹಾಕಿತು, 2017ರಲ್ಲಿ ತಮಿಳುನಾಡು ಕಾನೂನು ತಿದ್ದಿತು, 2023ರ ಮೇ ತಿಂಗಳಲ್ಲಿ ಅದೇ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅದರ ಸರಿ ತಪ್ಪು ಬೇರೆ ಚರ್ಚೆ. ನಾವು ಹೇಳಲು ಹೊರಟದ್ದು ಇಷ್ಟೇ: ದುಡಿಮೆ ಬಿಟ್ಟರೆ ಬೇರೆ ಗೊತ್ತಿಲ್ಲದ ರೈತನೂ ಓಟದ ಆಸೆಯನ್ನು ಕಟ್ಟಿಹಾಕಲಿಲ್ಲ. ಹಾಗಂತ ರೇಕ್ಲಾ ಗಾಡಿಯಲ್ಲಿ ಗೊಬ್ಬರ ಹೊಡೆಯಲೂ ಇಲ್ಲ.

ಎರಡು ಜೋಡಿ ಎತ್ತು ಸಾಕುವ ಶಕ್ತಿ ಇದ್ದವನ ಮಾತು ಅದು. ಮೇಷ್ಟ್ರ ಮನೆ ಮುಂದೆ ನಿಲ್ಲುವುದು ಒಂದೇ ಗಾಡಿ. ತೊಡಕು ಶುರುವಾಗುವುದೇ ಇಲ್ಲಿ.

ಎರಡು ಚಕ್ರದ ಗಾಡಿಯಲ್ಲಿ ಈ ತಕರಾರನ್ನು ನಾವು ಚೆನ್ನಾಗಿ ನೋಡಿದ್ದೇವೆ. ನಾವು ಶಾಲೆಯಲ್ಲಿ ಓದುತ್ತಿದ್ದಾಗ ನಮ್ಮ ಮೇಷ್ಟ್ರುಗಳಲ್ಲಿ ಗತ್ತಿನವರು ಬರುತ್ತಿದ್ದದ್ದು ಯೆಜ್ಡಿಯಲ್ಲಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದ್ದು. 1961ರಿಂದ ಜಾವಾ, 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಬೈಕು ಮಾಡಿ 1996ರಲ್ಲಿ ಬಾಗಿಲು ಹಾಕಿದ ಕಾರ್ಖಾನೆ ಅದು. ಕಿಕ್ ಹೊಡೆಯುವ ಲಿವರನ್ನೇ ಮಡಚಿದರೆ ಗೇರು. ಎರಡು ಸೈಲೆನ್ಸರ್. ಆ ಡುಗು ಡುಗು ಶಬ್ದ ಹಳ್ಳಿಯ ಆಚೆ ಕೇಳಿಸಿದ ಕೂಡಲೇ ಹುಡುಗರೆಲ್ಲ ಸಾಲಾಗಿ ಕೂರುತ್ತಿದ್ದೆವು. ಅದನ್ನು ಓಡಿಸುವ ಖುಷಿ ಓಡಿಸಿದವರಿಗೇ ಗೊತ್ತು. ಆದರೆ ಮಳೆಗಾಲದ ಬೆಳಗ್ಗೆ ಪ್ಲಗ್ ಬಿಚ್ಚಿ ಉಜ್ಜುವುದು, ಪಾಯಿಂಟ್ ಅಡ್ಜಸ್ಟ್ ಮಾಡುವುದು, ಹತ್ತು ಕಿಕ್, ಹದಿನೈದು ಕಿಕ್, ಕೊನೆಗೆ ಇಬ್ಬರು ಹುಡುಗರನ್ನು ಕರೆದು ತಳ್ಳಿಸುವುದು. ಅದೂ ದಿನಚರಿಯ ಒಂದು ಭಾಗವೇ.

ಅದರ ಎದುರು ನಮ್ಮ ಹೊಸೂರಿನಲ್ಲಿ 1980ರಲ್ಲಿ ಹುಟ್ಟಿದ ಟಿವಿಎಸ್ 50 ಇಡಿ. ಗೇರಿಲ್ಲ, ಗತ್ತಿಲ್ಲ, ವೇಗವಂತೂ ಕೇಳಲೇಬೇಡಿ. ತಿರುಪ್ಪೂರಿನ ಬನಿಯನ್ ವ್ಯಾಪಾರ ಬೆಳೆದದ್ದು ಹೇಗೆ ಅಂತ ಯಾರಾದರೂ ಚರಿತ್ರೆ ಬರೆದರೆ ಅದರಲ್ಲಿ ಒಂದು ಅಧ್ಯಾಯ ಈ ಮೊಪೆಡ್‌ಗೆ ಕೊಡಲೇಬೇಕು. ಮುಂದೆ ಒಂದು ಮೂಟೆ, ಹಿಂದೆ ಮೂರು ಮೂಟೆ, ನಡುವೆ ಎಲ್ಲೋ ಒಬ್ಬ ಮನುಷ್ಯ! ಅದರ ಮೊಮ್ಮಗ ಎಕ್ಸ್‌ಎಲ್ 100 ಈಗಲೂ ಅದೇ ಕೆಲಸ ಮಾಡುತ್ತಿದೆ. ಟಿವಿಎಸ್ ಓಡಿಸುವ ಸುಖದ ಮೇಲೆ ಯಾರೂ ಪದ ಕಟ್ಟಿಲ್ಲ. ಆದರೆ ಅದು ಬಾರದೆ ನಿಂತದ್ದರಿಂದ ಕೂಲಿ ತಪ್ಪಿತು ಎಂದು ಅತ್ತವರನ್ನೂ ನಾವು ನೋಡಿಲ್ಲ.

ಇನ್ನೊಂದು ಮುಖವೂ ಇದೆ. ಹಳೆಯ ಯೆಜ್ಡಿಯನ್ನು ಇವತ್ತಿಗೂ ಬಟ್ಟೆ ಹೊದಿಸಿ ಮನೆಯೊಳಗೆ ಇಟ್ಟುಕೊಂಡವರು ನೂರಾರು ಜನ. ಆ ಹೆಸರಿಗೆ ಇರುವ ಪ್ರೀತಿ ಎಷ್ಟೆಂದರೆ 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಮತ್ತೆ ಮಾರುಕಟ್ಟೆಗೆ ಬಂದವು. ಟಿವಿಎಸ್ 50 ಹಳೆಯದಾದರೆ ಗುಜರಿಗೆ. ಅಂದರೆ ನಮ್ಮ ಕೆಲಸ ಮಾಡಿಕೊಟ್ಟದ್ದನ್ನು ನಾವು ಮರೆಯುತ್ತೇವೆ, ಕಾಡಿಸಿದ್ದನ್ನು ನೆನಪಿಟ್ಟುಕೊಳ್ಳುತ್ತೇವೆ. ಮನುಷ್ಯ ಹೀಗೇ, ಏನು ಮಾಡುವುದು.

ಈಗ ಕಾರಿಗೆ ಬರೋಣ. ನಂಬಿಕೆ ಅನ್ನುವ ಪದವನ್ನು ನಾವೆಲ್ಲ ಒಂದೇ ಅರ್ಥದಲ್ಲಿ ಬಳಸುತ್ತೇವೆ, ಆದರೆ ಅದರಲ್ಲಿ ಎರಡು ಜಾತಿ ಇವೆ. ಕೆಡದೇ ಇರುವುದು ಒಂದು. ಕೆಟ್ಟರೂ ಕೆಟ್ಟ ಜಾಗದಲ್ಲೇ ಎದ್ದು ನಿಲ್ಲುವುದು ಇನ್ನೊಂದು. ಅಂಬಾಸಡರ್ ಎರಡನೇ ಜಾತಿ. ಘಾಟಿಯಲ್ಲಿ ರೇಡಿಯೇಟರ್ ಕುದಿಯುತ್ತಿತ್ತು, ಬಾನೆಟ್ ಎತ್ತಿ ಕಾಲು ಗಂಟೆ ಕೂತು, ಆರಿದ ಮೇಲೆ ನೀರು ಹುಯ್ದರೆ ಮತ್ತೆ ಹೊರಟಿತು. ಯಾವ ಹಳ್ಳಿಯ ಸೈಕಲ್ ಶಾಪಿನವನೂ ಅದಕ್ಕೆ ಸ್ಪ್ಯಾನರ್ ಹಾಕುತ್ತಿದ್ದ. 2014ರಲ್ಲಿ ಅದರ ತಯಾರಿಕೆ ನಿಂತಿತು. ಮಾರುತಿ 800 ಮೊದಲನೇ ಜಾತಿ. 1983ರ ಡಿಸೆಂಬರ್ 14ರಂದು ದೆಹಲಿಯ ಹರ್ಪಾಲ್ ಸಿಂಗ್ ಅವರಿಗೆ ಇಂದಿರಾ ಗಾಂಧಿಯವರು ಮೊದಲ ಕಾರಿನ ಕೀಲಿ ಕೊಟ್ಟರು. 796 ಸಿಸಿ, ಮೂರು ಸಿಲಿಂಡರ್. ಅದು ಬಂದ ಮೇಲೆ ದಾರಿ ಬದಿ ಬಾನೆಟ್ ಎತ್ತಿ ನಿಂತ ಸಂಸಾರಗಳು ಕಡಿಮೆಯಾದವು. 2014ರ ಜನವರಿಯಲ್ಲಿ ಅದೂ ನಿಂತಿತು. ಅದರ ವಿಶೇಷ ಏನೆಂದರೆ ಅದು ಸುಲಭಕ್ಕೆ ಕೆಡುತ್ತಿರಲಿಲ್ಲ, ಕೆಟ್ಟರೆ ಯಾರಾದರೂ ಸರಿಮಾಡುತ್ತಿದ್ದರು. ಎರಡೂ ಜಾತಿಯ ನಂಬಿಕೆ ಒಂದೇ ಗಾಡಿಯಲ್ಲಿ. ಇದು ಸಣ್ಣ ಮಾತಲ್ಲ.

ಇಂದಿನ ಗಾಡಿಗಳು ಮೊದಲನೇ ಲೆಕ್ಕದಲ್ಲಿ ಬಹಳ ಮುಂದೆ ಹೋಗಿವೆ, ಎರಡನೇ ಲೆಕ್ಕದಲ್ಲಿ ಹಿಂದೆ ಬಿದ್ದಿವೆ. ನಮ್ಮ ಜೊತೆಯ ಒಬ್ಬರು ಮೂರು ವರ್ಷದ ಹಿಂದೆ ಟರ್ಬೊ ಪೆಟ್ರೋಲ್, ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರಿನ ಕಾರು ತಂದರು. ಕಂಪನಿ ಹೆಸರು ಬೇಡ. ಕಾಲಿಟ್ಟರೆ ಹಾರುತ್ತದೆ, ಸುಳ್ಳಲ್ಲ, ನಾವೂ ಕೂತು ನೋಡಿದ್ದೇವೆ. ಒಂದು ಸೋಮವಾರ ಬಣ್ಣಾರಿಗೆ ಬರುವ ಹೊತ್ತಿಗೆ ಎದುರಿನ ಪರದೆಯಲ್ಲಿ ಹಳದಿ ದೀಪ ಹತ್ತಿಕೊಂಡಿತು, ಗಾಡಿ ಬಲ ಬಿಟ್ಟಿತು. ಅಲ್ಲಿದ್ದ ಮೆಕಾನಿಕ್ ಬಾನೆಟ್ ಎತ್ತಿ ನೋಡಿ ಕೈಮುಗಿದ. ಪ್ಲಾಸ್ಟಿಕ್ ಮುಚ್ಚಳ ಬಿಟ್ಟರೆ ಏನೂ ಕಾಣದು, ಸ್ಕ್ಯಾನರ್ ಹಾಕದೆ ಮುಟ್ಟುವ ಹಾಗಿಲ್ಲ. ಕೊಯಮತ್ತೂರಿಗೆ ಲಾರಿ ಮೇಲೆ ಏರಿಸಿಕೊಂಡು ಹೋದರು. ಬಿಡಿಭಾಗ ಬರುವ ತನಕ ಒಂಬತ್ತು ದಿನ ಕಾರು ಅಲ್ಲೇ. ಅದರಲ್ಲಿ ಎರಡು ದಿನ ಅವರ ಮೂರು, ನಾಲ್ಕು, ಐದನೇ ತರಗತಿ ಮಕ್ಕಳು ವರಾಂಡದಲ್ಲಿ. ಪಾಪ, ಅವರ ತಪ್ಪೇನೂ ಇಲ್ಲ. ಗಾಡಿಯನ್ನು ಮಗುವಿನ ಹಾಗೆ ನೋಡಿಕೊಳ್ಳುವ ಮನುಷ್ಯ.

ಡೀಸೆಲ್ ಕೊಳ್ಳುವವರಿಗೂ ಒಂದು ಮಾತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲೆ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಆ ಮಸಿ ಒಳಗೇ ಸುಟ್ಟು ಹೋಗಬೇಕಾದರೆ ಗಾಡಿ ಒಂದಷ್ಟು ಹೊತ್ತು ಒಂದೇ ಸಮನೆ ಬಿಸಿಯಾಗಿ ಓಡಬೇಕು. ದಿನಕ್ಕೆ ನಾಲ್ಕು ಕಿಲೋಮೀಟರ್ ಓಡಿ ಶಾಲೆ ಮುಂದೆ ನಿಲ್ಲುವ ಗಾಡಿಗೆ ಆ ಬಿಸಿ ಎಲ್ಲಿಂದ ಬರಬೇಕು? ಮಸಿ ಕಟ್ಟಿ ಕೂರುತ್ತದೆ, ದೀಪ ಹತ್ತುತ್ತದೆ. ಸೇಲ್ಸ್ ಹುಡುಗ ಮೈಲೇಜ್ ಹೇಳುತ್ತಾನೆ, ಇದನ್ನು ಹೇಳುವುದಿಲ್ಲ. ಅದೇ ಡೀಸೆಲ್ ದಿನಾ ಅವಿನಾಶಿ ರಸ್ತೆಯಲ್ಲಿ ಐವತ್ತು ಅರವತ್ತು ಕಿಲೋಮೀಟರ್ ಓಡುವವರಿಗೆ ಸರಿಯೇ. ಹಾಗಾಗಿ ನಂಬಿಕೆ ಅನ್ನುವುದು ಗಾಡಿಯ ಒಳಗೆ ಮಾತ್ರ ಇರುವ ಗುಣವಲ್ಲ. ಅದು ಯಾರ ಕೈಯಲ್ಲಿ, ಯಾವ ದಾರಿಯಲ್ಲಿ ಓಡುತ್ತದೆ ಅನ್ನುವುದರಲ್ಲೂ ಇದೆ.

ಕಂಪನಿ ಉಳಿಯುತ್ತದೋ ಇಲ್ಲವೋ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಓಡಿಸುವ ಖುಷಿಗೆ ಹೆಸರಾಗಿದ್ದ ಫೋರ್ಡ್ 2021ರ ಸೆಪ್ಟೆಂಬರ್‌ನಲ್ಲಿ ಇಲ್ಲಿ ಕಾರು ಮಾಡುವುದನ್ನು ನಿಲ್ಲಿಸುತ್ತೇವೆ ಎಂದಿತು, ಮರುವರ್ಷ ಚೆನ್ನೈ ಹತ್ತಿರದ ಮರೈಮಲೈ ನಗರದ ಕಾರ್ಖಾನೆಯಲ್ಲಿ ಕಾರು ತಯಾರಿಕೆ ಮುಗಿಯಿತು. ಸ್ಟೀರಿಂಗ್ ಹಿಡಿದವರು ಹೊಗಳುತ್ತಿದ್ದ ಫಿಯಟ್ ಕೂಡ ನಮ್ಮ ರಸ್ತೆಗೆ ಹೊಸ ಕಾರು ಬಿಡುವುದು ನಿಲ್ಲಿಸಿ ವರ್ಷಗಳಾದವು. ಬೇಸರದ ಗಾಡಿ ಎಂದು ನಮ್ಮ ಹುಡುಗರು ಮೂಗು ಮುರಿಯುವ ಇನ್ನೋವಾ ಮಾತ್ರ 2005ರಿಂದ ಬಿಡದಿಯಿಂದ ಹೊರಡುತ್ತಲೇ ಇದೆ. ಕೊಯಮತ್ತೂರು ವಿಮಾನ ನಿಲ್ದಾಣದ ಹೊರಗೆ ಹೋಗಿ ನಿಂತರೆ ಬಿಡದಿಯ ಋಣ ಎಷ್ಟು ದೊಡ್ಡದು ಗೊತ್ತಾಗುತ್ತದೆ. ಬಿಡದಿಯಿಂದ ಬಂದು ಯಾರನ್ನೂ ನಿರಾಶೆ ಮಾಡದ ವಸ್ತು ಎರಡು, ಒಂದು ಇದು, ಇನ್ನೊಂದು ತಟ್ಟೆ ಇಡ್ಲಿ.

ಇಷ್ಟೆಲ್ಲ ಹೇಳಿದ ಮೇಲೆ ನಾವು ಹಿರಿಯರ ಪಕ್ಷಕ್ಕೇ ಸೇರಿದವರು ಅಂತ ತಿಳಿಯಬೇಡಿ. ಖುಷಿಯ ಪರವಾಗಿ ಹೇಳುವ ಮಾತೂ ಇದೆ, ಅದು ಶೋಕಿಯ ಮಾತಲ್ಲ.

ಸೋಮವಾರ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಹೊರಟವನಿಗೆ ಮೊದಲ ಶತ್ರು ನಿದ್ದೆ. ಕೈಕಾಲಿಗೆ ಕೆಲಸವಿಲ್ಲದ, ರಸ್ತೆಯ ಸುದ್ದಿಯೇ ಕೈಗೆ ಮುಟ್ಟದ ಗಾಡಿ ಜೋಗುಳ ಹಾಡುತ್ತದೆ. ಗೇರು ಬದಲಿಸುತ್ತಾ, ತಿರುವಿಗೆ ಲೆಕ್ಕ ಹಾಕುತ್ತಾ ಓಡಿಸುವವನು ಎಚ್ಚರವಾಗಿರುತ್ತಾನೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಪಾಲಕ್ಕಾಡ್ ಕಣಿವೆಯಿಂದ ನುಗ್ಗುವ ಗಾಳಿ ಪೊಳ್ಳಾಚಿ, ಉಡುಮಲಪೇಟೆ, ಪಲ್ಲಡಂ ಸುತ್ತ ಹೇಗೆ ಬೀಸುತ್ತದೆ ಅನ್ನುವುದಕ್ಕೆ ಅಲ್ಲಿ ಸಾಲಾಗಿ ನಿಂತ ಗಾಳಿಯಂತ್ರಗಳೇ ಸಾಕ್ಷಿ. ಆ ಗಾಳಿಗೆ ಎತ್ತರದ, ಹಗುರದ ಗಾಡಿ ಪಕ್ಕಕ್ಕೆ ಜರುಗುತ್ತದೆ. ಜರುಗಿದ್ದು ಸ್ಟೀರಿಂಗ್‌ನಲ್ಲಿ ಕೂಡಲೇ ಗೊತ್ತಾದರೆ ತಿದ್ದಿಕೊಳ್ಳುತ್ತೀರಿ. ಗೊತ್ತಾಗದಿದ್ದರೆ ಎದುರಿನ ಲಾರಿಯವನು ತಿಳಿಸುತ್ತಾನೆ!

ನಮ್ಮ ಹೊಸ ಮೇಷ್ಟ್ರುಗಳು ಎರಡು ಬೇರೆ ಬೇರೆ ವಸ್ತುವನ್ನು ಒಂದೇ ಎಂದುಕೊಂಡಿದ್ದಾರೆ. ಒಂದು ವೇಗ, ಇನ್ನೊಂದು ಹಿಡಿತ. ಶೋರೂಮಿನಲ್ಲಿ ಖುಷಿ ಎಂದು ಮಾರುವುದು ವೇಗವನ್ನು. ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು ಅನ್ನುವ ಲೆಕ್ಕ. 2025ರ ಅಕ್ಟೋಬರ್‌ನಲ್ಲಿ ಅವಿನಾಶಿ ರಸ್ತೆಯ ಮೇಲೆ ಹತ್ತು ಕಿಲೋಮೀಟರ್ ಮೇಲ್ಸೇತುವೆ ತೆರೆದ ಮೇಲೆ ಆ ಲೆಕ್ಕ ಪರೀಕ್ಷೆ ಮಾಡುವ ಚಪಲ ಬೇರೆ. ಆದರೆ ಗುಡ್ಡದ ದಾರಿಯಲ್ಲಿ ಖುಷಿ ಕೊಡುವುದು ಹಿಡಿತ. ಬ್ರೇಕು ಒತ್ತಿದಷ್ಟೇ ಹಿಡಿಯಬೇಕು, ಸ್ಟೀರಿಂಗ್ ತಿರುಗಿಸಿದಷ್ಟೇ ತಿರುಗಬೇಕು, ಇಳಿಜಾರಿನಲ್ಲಿ ಎರಡನೇ ಗೇರಿಗೆ ಹಾಕಿದರೆ ಇಂಜಿನ್ನೇ ಗಾಡಿಯನ್ನು ತಡೆದು ನಿಲ್ಲಿಸಬೇಕು. ಆಳಿಯಾರ್‌ನಿಂದ ವಾಲ್ಪಾರೈಗೆ ನಲವತ್ತು ತಿರುವು. ಅಲ್ಲಿ ಮೂವತ್ತರ ಮೇಲೆ ಓಡಿಸುವ ಜಾಗವೇ ಕಡಿಮೆ. ದೊಡ್ಡ ಇಂಜಿನ್‌ನ ಕಾರು ಅಲ್ಲಿ ಅರೆನಿದ್ದೆಯಲ್ಲಿ ಹತ್ತುತ್ತದೆ. ಸಣ್ಣ ಕಾರು ಓಡಿಸುವವನು ತನ್ನಲ್ಲಿರುವುದೆಲ್ಲವನ್ನೂ ಖರ್ಚು ಮಾಡಿ ಹತ್ತುತ್ತಾನೆ. ಮೇಲೆ ಹೋಗಿ ಇಳಿದಾಗ ಯಾರ ಮುಖದಲ್ಲಿ ನಗು ಜಾಸ್ತಿ ಇರುತ್ತದೆ, ಒಮ್ಮೆ ನೋಡಿ.

ಇದಕ್ಕೆ ಕೊಯಮತ್ತೂರಿನಲ್ಲೇ ಒಂದು ದೊಡ್ಡ ಉದಾಹರಣೆ ಇದೆ. ಲಕ್ಷ್ಮಿ ಮಿಲ್ಸ್ ಮನೆತನದ ಎಸ್. ಕರಿವರ್ಧನ್ ಎಂಬವರು ರೇಸಿನ ಕಾರು ಕಟ್ಟುವ ಹುಚ್ಚು ಹಿಡಿಸಿಕೊಂಡಿದ್ದರು. ವಿದೇಶದಿಂದ ಇಂಜಿನ್ ತರಿಸುವ ಬದಲು ಅವರು ಹಾಕಿದ್ದು ಮಾರುತಿ 800ರ ಇಂಜಿನ್. ಅದೇ, ಸಂತೆಗೂ ಮದುವೆಗೂ ಹೋಗುವ ಕಾರಿನದ್ದು! ಅದನ್ನು ಒಂಟಿ ಸೀಟಿನ, ಹಗುರ ಮೈಯ ಕಾರಿಗೆ ಕೂರಿಸಿ ಫಾರ್ಮುಲಾ ಮಾರುತಿ ಮಾಡಿದರು. ರೇಸು ಎಂದರೆ ದೊಡ್ಡವರ ಆಟ ಎನ್ನುವ ಕಾಲದಲ್ಲಿ ಅದು ಎಷ್ಟೋ ಹುಡುಗರಿಗೆ ಮೊದಲ ಮೆಟ್ಟಿಲಾಯಿತು. 1995ರಲ್ಲಿ ಕರಿವರ್ಧನ್ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಚೆಟ್ಟಿಪಾಳ್ಯಂನಲ್ಲಿ 2003ರಲ್ಲಿ ಆದ ರೇಸ್ ಟ್ರ್ಯಾಕಿಗೆ ಅವರದ್ದೇ ಹೆಸರು, ಕರಿ ಮೋಟಾರ್ ಸ್ಪೀಡ್‌ವೇ. 2005ರಲ್ಲಿ ಫಾರ್ಮುಲಾ ಒನ್‌ಗೆ ಹೋದ ಮೊದಲ ಭಾರತೀಯ ನರೇನ್ ಕಾರ್ತಿಕೇಯನ್ ಅವರೂ ಇದೇ ಊರಿನವರು. ನಂಬಿಕೆಯ ಇಂಜಿನ್ನು, ಕಡಿಮೆ ತೂಕ, ಒಳ್ಳೆಯ ಹಿಡಿತ. ಇಷ್ಟರಲ್ಲೇ ಖುಷಿ ಹುಟ್ಟುತ್ತದೆ ಎಂದು ಕರಿವರ್ಧನ್ ತೋರಿಸಿ ನಲವತ್ತು ವರ್ಷ ಆಗುತ್ತಾ ಬಂತು. ನಮ್ಮ ಹುಡುಗರು ಇನ್ನೂ ಟರ್ಬೊ ಬೇಕು ಸಾರ್ ಅನ್ನುತ್ತಿದ್ದಾರೆ.

ಇನ್ನೂ ಹಿಂದೆ ಹೋದರೆ ಜಿ.ಡಿ. ನಾಯ್ಡು ಇದ್ದಾರೆ. 1920ರಲ್ಲಿ ಒಂದೇ ಒಂದು ಬಸ್ಸಿನಿಂದ ಪೊಳ್ಳಾಚಿ ಪಳನಿ ನಡುವೆ ಶುರುಮಾಡಿ ಯುಎಂಎಸ್ ಎಂಬ ದೊಡ್ಡ ಬಸ್ ಕಂಪನಿ ಕಟ್ಟಿದವರು. ಮೇಲೆ ಹೇಳಿದ ಸೇತುವೆಗೂ ಅವರದ್ದೇ ಹೆಸರು. ಯಂತ್ರ ಎಂದರೆ ಪ್ರಾಣ ಬಿಡುತ್ತಿದ್ದ ಮನುಷ್ಯ, ಆದರೆ ಅನ್ನ ತಿಂದದ್ದು ಬಸ್ಸಿನಿಂದ. ಕೊಯಮತ್ತೂರಿನಲ್ಲಿ ಅವರ ಮನೆತನದವರು 2015ರಲ್ಲಿ ತೆರೆದ ಕಾರು ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಿ, ನಮ್ಮ ಮಾತು ಕೇಳಿ. ಪಾಠದ ಪುಸ್ತಕದ ಇಂಜಿನ್ ಚಿತ್ರ ನೂರು ಸಲ ತೋರಿಸಿದರೂ ಆಗದ್ದು ಅಲ್ಲಿ ಅರ್ಧ ದಿನದಲ್ಲಿ ಆಗುತ್ತದೆ.

ಇಷ್ಟು ಹೊತ್ತು ಗಂಡಸರ ಮಾತೇ ಆಯಿತು. ನಮ್ಮ ಟೀಚರ್ ಒಬ್ಬರು ಸ್ಕೂಟರಿನಲ್ಲಿ ಬರುತ್ತಾರೆ. ಎರಡು ಪಕ್ಷದ ಜಗಳ ಕೇಳಿ ಕೇಳಿ ಒಂದು ದಿನ ಅವರು ಹೇಳಿದ್ದು: ‘ಸಾರ್, ಅಡುಗೆ ಮುಗಿಸಿ, ಮಗನ್ನ ರೆಡಿ ಮಾಡಿ, ಅತ್ತೆಗೆ ಮಾತ್ರೆ ಕೊಟ್ಟು ಹೊರಗೆ ಬಂದಾಗ ಒಂದೇ ಬಟನ್ನಿಗೆ ಸ್ಟಾರ್ಟ್ ಆಯ್ತಲ್ಲ, ಅದೇ ಸಾರ್ ನಮಗೆ ಖುಷಿ. ನಿಮ್ಮ ಹಾಗೆ ಬೇರೆ ಖುಷಿ ಹುಡುಕೋಕೆ ನಮಗೆ ಟೈಮಿಲ್ಲ.’ ಯಾರೂ ಬಾಯಿ ಬಿಡಲಿಲ್ಲ. ಕೆಳಗಿನ ಬಯಲಿನಲ್ಲಿ ಕೆಲಸ ಮಾಡುವ ಟೀಚರ್‌ಗಳಿಗೆ 2021ರಿಂದ ಸಾಧಾರಣ ಟೌನ್ ಬಸ್ಸು ಉಚಿತ. ಹಲವರು ಸ್ಕೂಟರನ್ನೂ ಮನೆಯಲ್ಲಿಟ್ಟು ಬಸ್ಸಿಗೆ ಬಂದಿದ್ದಾರೆ, ಉಳಿದ ಹಣದಲ್ಲಿ ಚೀಟಿ ಕಟ್ಟುತ್ತಿದ್ದಾರೆ. ಗಾಡಿ ಓಡಿಸುವ ಖುಷಿಯ ಬಗ್ಗೆ ಅವರನ್ನು ಕೇಳುವ ಧೈರ್ಯ ನಮಗಿಲ್ಲ.

ಹಾಗಾದರೆ ನಮ್ಮ ಸಲಹೆ ಏನು ಅಂತ ಕೇಳುತ್ತೀರಿ. ಬೆಟ್ಟಕ್ಕೆ ಬರುವ ಕನ್ನಡ ಮೇಷ್ಟ್ರು ಸಣ್ಣ, ಹಗುರ ಪೆಟ್ರೋಲ್ ಕಾರು ನೋಡಲಿ. ಟರ್ಬೊ ಇಲ್ಲದ್ದು, ಕೈಯಲ್ಲಿ ಹಾಕುವ ಗೇರಿನದ್ದು, ಸತ್ಯಮಂಗಲದಲ್ಲೂ ಚಾಮರಾಜನಗರದಲ್ಲೂ ಬಿಡಿಭಾಗ ಸಿಗುವಂಥದ್ದು. ಹಳೆಯ ಕಾರು ಕೊಳ್ಳುವವರು 2023ರ ಏಪ್ರಿಲ್‌ಗಿಂತ ಮುಂಚಿನ ಗಾಡಿಯಾದರೆ ಪೆಟ್ರೋಲ್ ಹೋಗುವ ರಬ್ಬರ್ ಪೈಪುಗಳನ್ನು ಒಮ್ಮೆ ಪರೀಕ್ಷೆ ಮಾಡಿಸಲಿ, ಈಗ ಬಂಕಿನಲ್ಲಿ ಸಿಗುವುದು ಇಪ್ಪತ್ತು ಪಾಲು ಎಥನಾಲ್ ಬೆರೆತದ್ದು. ಟೆಸ್ಟ್ ಡ್ರೈವ್ ಎಂದು ಶೋರೂಮಿನ ಸುತ್ತ ಒಂದು ಸುತ್ತು ಹಾಕಿ ಬರುವುದಲ್ಲ. ನಾಲ್ಕು ಜನ ಕೂತು, ಎಸಿ ಹಾಕಿ, ಒಂದು ಏರು ಹತ್ತಿ ಇಳಿದು ನೋಡಬೇಕು. ದನದ ಜಾತ್ರೆಯ ರೈತ ನಮಗಿಂತ ಜಾಣ.

ಮಿಕ್ಕ ದುಡ್ಡನ್ನು ಎಲ್ಲಿ ಹಾಕಬೇಕು ಅನ್ನುವುದರಲ್ಲಿ ನಮ್ಮ ಅಭಿಪ್ರಾಯ ಸ್ವಲ್ಪ ಗಟ್ಟಿ. ಸನ್‌ರೂಫಿಗೆ ಹಾಕಬೇಡಿ, ದೊಡ್ಡ ಪರದೆಗೆ ಹಾಕಬೇಡಿ. ನಾಲ್ಕು ಒಳ್ಳೆಯ ಟೈರಿಗೆ ಹಾಕಿ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸಿ. ಒಳ್ಳೆಯ ಟೈರು ಹಾಕಿದ ಸಣ್ಣ ಕಾರು ತಿರುವಿನಲ್ಲಿ ಕೊಡುವ ಖುಷಿ, ಸವೆದ ಟೈರಿನ ಇಪ್ಪತ್ತು ಲಕ್ಷದ ಕಾರಿನಲ್ಲಿ ಸಿಗುವುದಿಲ್ಲ. ಮತ್ತೆ ಖುಷಿಗೆ ಇನ್ನೊಂದು ಉಪಯೋಗ ಇದೆ, ಅದನ್ನು ಹಿರಿಯರು ಒಪ್ಪಬೇಕು. ಪ್ರೀತಿಯಿಂದ ಓಡಿಸುವವನಿಗೆ ಗಾಡಿಯ ಶಬ್ದ ಬದಲಾದದ್ದು ಎಲ್ಲರಿಗಿಂತ ಮುಂಚೆ ಕೇಳಿಸುತ್ತದೆ. ‘ಕೈಕೊಡಲ್ಲ ಬಿಡಿ’ ಎಂದು ಎಂಟು ವರ್ಷ ಬಾನೆಟ್ ಎತ್ತದವರ ಆಲ್ಟೊ ಒಂದು ದಿನ ಕೂಲೆಂಟ್ ಇಲ್ಲದೆ ಸುಟ್ಟುಕೊಂಡದ್ದನ್ನು ನಾವು ಬಲ್ಲೆವು. ಅದು ಗಾಡಿಯ ತಪ್ಪಲ್ಲ, ಓಡಿಸಿದವರ ಹೆಸರು ಇಲ್ಲಿ ಬೇಡ, ಅವರೂ ಇದನ್ನು ಓದುತ್ತಾರೆ.

ಸಾಲದ ಕಂತು ಸಂಬಳದ ಎಷ್ಟು ಪಾಲು ಇರಬೇಕು ಅನ್ನುವುದರಲ್ಲಿ ನಮ್ಮ ನಮ್ಮಲ್ಲೇ ಒಮ್ಮತ ಇಲ್ಲ. ಆರರಲ್ಲಿ ಒಂದಕ್ಕಿಂತ ಹೆಚ್ಚು ಬೇಡ ಅನ್ನುವುದು ನಮ್ಮ ವಾದ. ನಾಲ್ಕರಲ್ಲಿ ಒಂದು ಪರವಾಗಿಲ್ಲ ಅನ್ನುವವರೂ ಇದ್ದಾರೆ, ಅವರಿಗೆ ಮಕ್ಕಳು ಇನ್ನೂ ಚಿಕ್ಕವರು.

ಕಾಸರಗೋಡಿನ ಗೆಳೆಯರೇ, ನಿಮ್ಮ ಮಳೆಯಲ್ಲಿ, ಕೆಂಪು ಮಣ್ಣಿನ ಏರುದಾರಿಯಲ್ಲಿ ಯಾವ ಗಾಡಿ ಬಾಳಿಕೆ ಬಂದಿದೆ? ಹೊಸೂರಿನವರೇ, ದಿನಾ ಬೆಂಗಳೂರಿನ ಕಡೆಯಿಂದ ಓಡಾಡುವ ನಿಮ್ಮಲ್ಲಿ ಯಾರಾದರೂ ಕರೆಂಟಿನ ಕಾರು ಕೊಂಡಿದ್ದೀರಾ? ಬೆಟ್ಟ ಹತ್ತುವಾಗ ಚಾರ್ಜ್ ಎಷ್ಟು ಇಳಿಯುತ್ತದೆ, ಇಳಿಯುವಾಗ ಎಷ್ಟು ವಾಪಸ್ ಬರುತ್ತದೆ, ಸರಿಯಾದ ಲೆಕ್ಕ ಬರೆದು ಕಳಿಸಿ. ಮೈಲೇಜ್ ಮಾತ್ರ ಸುಳ್ಳು ಹೇಳಬೇಡಿ.